ಊರಿಗೆ ಬರುವ ಹೋಟೆಲಿಗೆ ಊರಿನವರ ಒಪ್ಪಿಗೆ ಬೇಕೇ?

ಹೆಣ್ಣಿನ ಮೈಮಾಟವನ್ನು ಮುಂದಿಟ್ಟು ವ್ಯಾಪಾರ ಮಾಡುವ ರೆಸ್ಟೋರೆಂಟ್ ಸರಣಿಗಳಲ್ಲಿ ಅಮೆರಿಕದ ಹೂಟರ್ಸ್ ಎಲ್ಲಕ್ಕಿಂತ ಹೆಸರುವಾಸಿ. 1983ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಆರಂಭವಾದ ಇದರಲ್ಲಿ ಬಿಗಿಯಾದ ಬಿಳಿ ಬನಿಯನು, ಕಿತ್ತಳೆ ಬಣ್ಣದ ತುಂಡು ಚಡ್ಡಿ ತೊಟ್ಟ ಯುವತಿಯರು ಬಿಯರು, ಕರಿದ ಕೋಳಿ ರೆಕ್ಕೆಗಳನ್ನು ತಂದುಕೊಡುತ್ತಾರೆ. ಬ್ರಿಟನ್ನಿನಲ್ಲಿ ಇದರ ಶಾಖೆ ನಾಟಿಂಗ್‌ಹ್ಯಾಮ್‌ನಲ್ಲಿ 1998ರಲ್ಲಿ, ಬ್ರಿಸ್ಟಲ್‌ನಲ್ಲಿ 2010ರಲ್ಲಿ, ಲಿವರ್‌ಪೂಲ್‌ನಲ್ಲಿ 2022ರಲ್ಲಿ ತೆರೆಯಿತು. ಬ್ರಿಸ್ಟಲ್ ಮತ್ತು ಲಿವರ್‌ಪೂಲ್‌ಗಳಲ್ಲಿ ಬಾಗಿಲು ತೆರೆಯುವ ಮೊದಲೇ ವಿರೋಧ ಎದ್ದಿತ್ತು. ಪರವಾನಗಿ ಕೊಡುವ ಸ್ಥಳೀಯ ಆಡಳಿತದ (ಕೌನ್ಸಿಲಿನ) ಮುಂದೆ ಆಕ್ಷೇಪ ಎತ್ತಿ ಊರಿನವರು ಹೀಗೆ ಅಡ್ಡ ನಿಲ್ಲುವುದು ಸರಿಯೇ? ಎರಡು ಉತ್ತರಗಳು ಇಲ್ಲಿವೆ.

ಪರ: ಅಡ್ಡ ನಿಲ್ಲುವುದು ಸರಿ

ಇಂಥ ಹೋಟೆಲಿಗೆ ಆಕ್ಷೇಪ ಎತ್ತಿದವರನ್ನೆಲ್ಲ ಮಡಿವಂತರು ಎಂದು ಪಕ್ಕಕ್ಕೆ ತಳ್ಳುವುದು ರೂಢಿಯಾಗಿಬಿಟ್ಟಿದೆ. ಬ್ರಿಸ್ಟಲ್‌ನಲ್ಲಿ ಮುಂದೆ ನಿಂತವರು ಸ್ತ್ರೀವಾದಿಗಳು. ಹೆಣ್ಣು ಏನು ಉಡಬೇಕು, ಏನು ಉಡಬಾರದು ಎಂದು ಅಪ್ಪಣೆ ಕೊಡುವವರ ವಿರುದ್ಧವೇ ಬದುಕಿಡೀ ಹೋರಾಡಿದವರು. ತುಂಡು ಚಡ್ಡಿಯನ್ನು ಕಂಡು ಅವರಿಗೆ ಮುಜುಗರವಾಗಲಿಲ್ಲ. ಆ ಚಡ್ಡಿಯನ್ನು ಕೆಲಸದ ಷರತ್ತಾಗಿಸಿದ ಮಾಲೀಕನನ್ನು ಕಂಡು ಸಿಟ್ಟು ಬಂತು. ಈ ಎರಡರ ನಡುವಿನ ಅಂತರವನ್ನು ಒಪ್ಪದವರೊಂದಿಗೆ ಮಾತು ಮುಂದುವರಿಯುವುದೇ ಕಷ್ಟ.

ಒಂದು ಟೇಬಲ್ಲಿನ ಬಳಿ ನಿಂತು ನೋಡಿ. ನಾಲ್ವರು ಗಂಡಸರು, ಮೂರನೆಯ ಸುತ್ತಿನ ಬಿಯರು. ಒಬ್ಬ ಫೋಟೋ ಬೇಕು ಎನ್ನುತ್ತಾನೆ. ಅವಳು ಪಕ್ಕದಲ್ಲಿ ನಿಲ್ಲುತ್ತಾಳೆ. ಅವನ ಕೈ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ. ಅವಳು ಖಾಲಿ ಗ್ಲಾಸು ಎತ್ತಿಕೊಳ್ಳುವ ನೆಪದಲ್ಲಿ ಅರ್ಧ ಹೆಜ್ಜೆ ಸರಿದುಕೊಳ್ಳುತ್ತಾಳೆ, ಮುಗುಳ್ನಗೆ ಮಾತ್ರ ಮಾಸದಂತೆ ನೋಡಿಕೊಳ್ಳುತ್ತಾಳೆ. ಯಾಕೆಂದರೆ ಬಿಲ್ಲು ಇನ್ನೂ ಬಂದಿಲ್ಲ, ಟಿಪ್ಸ್ ಬಿಲ್ಲಿನ ಜೊತೆಗೆ ಬರುತ್ತದೆ. ಗದರಿದರೆ ಆ ಟೇಬಲ್ಲಿನ ದುಡ್ಡು ಹೋಯಿತು. ದಿನಕ್ಕೆ ಇಂಥ ಎಷ್ಟೋ ಟೇಬಲ್ಲುಗಳು. ಬೇರೆ ಹೋಟೆಲಿನಲ್ಲೂ ಹೀಗಾಗುತ್ತದೆ ನಿಜ. ಆದರೆ ಅಲ್ಲಿ ಗಿರಾಕಿ ಗೆರೆ ದಾಟಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ, ಅವನಿಗೂ ಗೊತ್ತಿರುತ್ತದೆ. ಇಲ್ಲಿ ಗೆರೆಯನ್ನು ಅಳಿಸಿಟ್ಟವನು ಮಾಲೀಕ. ಹೂಟರ್ಸ್‌ನ ಸಿಬ್ಬಂದಿ ಕೈಪಿಡಿಯೊಂದು ಹಿಂದೊಮ್ಮೆ ಬಹಿರಂಗವಾಯಿತು. ಹೆಣ್ಣಿನ ಆಕರ್ಷಣೆಯನ್ನು ಆಧರಿಸಿದ ಲೇವಡಿ, ದ್ವಂದ್ವಾರ್ಥದ ಮಾತು ಈ ಕೆಲಸದ ಜಾಗದಲ್ಲಿ ಮಾಮೂಲು ಎಂದು ಒಪ್ಪಿ ಕೆಲಸಕ್ಕೆ ಸೇರುವವರು ಸಹಿ ಹಾಕಬೇಕಿತ್ತು. ದೂರು ಕೊಡುವ ಹಕ್ಕನ್ನು ದೂರು ಹುಟ್ಟುವ ಮೊದಲೇ ಬರೆಸಿಕೊಂಡಂತಾಯಿತು ಇದು.

ಅಮೆರಿಕದ ಕೂಲಿ ಲೆಕ್ಕವನ್ನೂ ಇದರ ಪಕ್ಕದಲ್ಲಿಡಿ. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ, ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಟಿಪ್ಸ್ ಸೇರಿಸಿಯೂ 7.25 ಡಾಲರು ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು, ಅಷ್ಟೇ. ಈ ವ್ಯಾಪಾರದ ಮಾದರಿ ಹುಟ್ಟಿ ಬೆಳೆದದ್ದು ಇಂಥ ನೆಲದಲ್ಲಿ. ಸಂಬಳದ ಬಹುಪಾಲು ಗಿರಾಕಿಯ ಜೇಬಿನಿಂದ ಬರಬೇಕಾದಾಗ ಅವನ ಕೈಯನ್ನು ಸಹಿಸುವುದೂ ದುಡಿಮೆಯ ಭಾಗವಾಗುತ್ತದೆ. ಆ ಹುಡುಗಿ ತಾನಾಗಿಯೇ ಒಪ್ಪಿದ್ದಾಳಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು.

ನ್ಯಾಯಾಲಯಗಳ ಮುಂದೆಯೂ ಈ ಪ್ರಶ್ನೆ ಬಂದಿದೆ. 1981ರಲ್ಲಿ ಟೆಕ್ಸಾಸಿನ ಒಕ್ಕೂಟ ನ್ಯಾಯಾಲಯವೊಂದು ಸೌತ್‌ವೆಸ್ಟ್ ಏರ್‌ಲೈನ್ಸ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ವಿಮಾನ ಕಂಪನಿಯ ಕೆಲಸ ಪ್ರಯಾಣಿಕರನ್ನು ಸಾಗಿಸುವುದು, ಹೆಣ್ಣಿನ ಚೆಲುವಿನ ಹೆಸರಿನಲ್ಲಿ ಗಂಡಸರಿಗೆ ಕೆಲಸ ನಿರಾಕರಿಸುವಂತಿಲ್ಲ. ಹೂಟರ್ಸ್ ಮೇಲೂ ಕೆಲಸ ಸಿಗದ ಗಂಡಸರು ದಾವೆ ಹೂಡಿದರು. 1997ರಲ್ಲಿ ಕಂಪನಿ 37.5 ಲಕ್ಷ ಡಾಲರು ಕೊಟ್ಟು ರಾಜಿ ಮಾಡಿಕೊಂಡಿತು. ಬೇರೆ ಕೆಲವು ಹುದ್ದೆಗಳನ್ನು ಗಂಡಸರಿಗೂ ತೆರೆಯಿತು, ಬಡಿಸುವ ಕೆಲಸವನ್ನು ಮಾತ್ರ ಯುವತಿಯರಿಗೇ ಉಳಿಸಿಕೊಂಡಿತು. ತಾನು ಮಾರುತ್ತಿರುವುದು ಬರೀ ಊಟವನ್ನಲ್ಲ ಎಂಬುದೇ ಕಂಪನಿಯ ವಾದವಾಗಿತ್ತು. ಊರಿನವರು ಹೇಳುತ್ತಿರುವುದೂ ಅದನ್ನೇ.

ಹಾಗಾದರೆ ಪರವಾನಗಿ ಕೇಳುವಾಗ ಮಾತ್ರ ಇದು ಬರೀ ಊಟದ ಹೋಟೆಲು ಆಗುವುದು ಹೇಗೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೈಂಗಿಕ ಮನರಂಜನೆಯ ಜಾಗಗಳಿಗೆ ಪ್ರತ್ಯೇಕ ಪರವಾನಗಿ ಇದೆ. 2009ರ ಕಾಯ್ದೆಯೊಂದು ಸ್ಥಳೀಯ ಕೌನ್ಸಿಲುಗಳಿಗೆ ಆ ಅಧಿಕಾರ ಕೊಟ್ಟಿತು. ಸುತ್ತಮುತ್ತಲಿನ ಪ್ರದೇಶ ಎಂಥದ್ದು, ಪಕ್ಕದಲ್ಲಿ ಏನಿದೆ ಎಂದು ನೋಡಿ ಕೌನ್ಸಿಲು ಬೇಡ ಎನ್ನಬಹುದು. ಆದರೆ ಆ ಕಾಯ್ದೆ ನಗ್ನತೆಯನ್ನೋ ನೇರ ಪ್ರದರ್ಶನವನ್ನೋ ಕೇಳುತ್ತದೆ. ಬನಿಯನು, ಚಡ್ಡಿ ಇದ್ದರೆ ಅದರ ಬಲೆಗೆ ಬೀಳುವುದಿಲ್ಲ. ಹೀಗಾಗಿ ಹೂಟರ್ಸ್‌ನಂಥದ್ದು ಸಾಮಾನ್ಯ ಮದ್ಯದ ಪರವಾನಗಿಯಲ್ಲೇ ಒಳಗೆ ಬರುತ್ತದೆ, ಮಕ್ಕಳ ಮೆನುವನ್ನೂ ಇಟ್ಟುಕೊಳ್ಳುತ್ತದೆ. ಹತ್ತು ವರ್ಷದ ಹುಡುಗನೊಬ್ಬ ಅಪ್ಪನ ಪಕ್ಕದಲ್ಲಿ ಕುಳಿತು, ಬಡಿಸುವವಳ ಕಡೆ ದೊಡ್ಡವರು ನೋಡುವ ಬಗೆಯನ್ನು ಕಲಿಯುತ್ತಾನೆ. ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವುದು ಈ ಮಕ್ಕಳ ಮೆನು. ವಯಸ್ಕರಿಗೆ ಮಾತ್ರ ಎಂದು ಫಲಕ ಹಾಕಿದ ಜಾಗ ಕನಿಷ್ಠ ತಾನು ಏನೆಂದು ಒಪ್ಪಿಕೊಳ್ಳುತ್ತದೆ.

2003ರ ಪರವಾನಗಿ ಕಾಯ್ದೆಯ ನಾಲ್ಕು ಗುರಿಗಳಲ್ಲಿ ಮಕ್ಕಳನ್ನು ಹಾನಿಯಿಂದ ಕಾಪಾಡುವುದೂ ಒಂದು. ಅದರ ಸರ್ಕಾರಿ ಮಾರ್ಗಸೂಚಿ ನೈತಿಕ, ಮಾನಸಿಕ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇನ್ನು 2010ರ ಸಮಾನತೆ ಕಾಯ್ದೆ ಪ್ರತಿಯೊಂದು ಸಾರ್ವಜನಿಕ ಸಂಸ್ಥೆಯ ಮೇಲೂ ಒಂದು ಹೊಣೆ ಹೊರಿಸಿದೆ: ಯಾವುದೇ ತೀರ್ಮಾನ ಮಾಡುವಾಗ ತಾರತಮ್ಯ ಮತ್ತು ಕಿರುಕುಳವನ್ನು ಹೋಗಲಾಡಿಸುವ ಅಗತ್ಯವನ್ನು ಗಮನದಲ್ಲಿಡಬೇಕು. ಇದನ್ನು ಕೌನ್ಸಿಲಿಗೆ ನೆನಪಿಸುವವರು ಯಾರು? ಕಂಪನಿಯ ವಕೀಲರಂತೂ ನೆನಪಿಸುವುದಿಲ್ಲ. ಗಿರಾಕಿಗಳು ಕೊಡುವ ಕಿರುಕುಳಕ್ಕೆ ಮಾಲೀಕನನ್ನು ಹೊಣೆಯಾಗಿಸುವ ವಿಧಿಯೊಂದು ಅದೇ ಕಾಯ್ದೆಯಲ್ಲಿತ್ತು, 2013ರಲ್ಲಿ ಅದನ್ನು ಕಿತ್ತುಹಾಕಲಾಯಿತು. ಕಾನೂನೇ ಹೀಗೆ ಹಿಂದೆ ಸರಿದಿರುವಾಗ ಊರಿನವರು ಅರ್ಜಿ ಹಿಡಿದು ಸಾಲಿನಲ್ಲಿ ನಿಂತರೆ ಅದನ್ನು ಅತಿರೇಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪರವಾನಗಿ ಎಂದರೆ ಸಮುದಾಯ ಕೊಡುವ ಅನುಮತಿ. ಆ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಬಸ್ಸಿಗೆ ನಡೆಯುವವಳು ಅರ್ಜಿದಾರನಷ್ಟೇ ಹಕ್ಕಿನಿಂದ ವಿಚಾರಣೆಯಲ್ಲಿ ಕೂರಬೇಕು. 2012ರವರೆಗೆ ಪಕ್ಕದಲ್ಲೇ ವಾಸಿಸುವವರಿಗೆ ಮತ್ತು ಅಲ್ಲಿಯೇ ವ್ಯಾಪಾರ ಮಾಡುವವರಿಗೆ ಮಾತ್ರ ಆಕ್ಷೇಪಣೆ ಸಲ್ಲಿಸುವ ಅವಕಾಶವಿತ್ತು. ಈಗ ಆ ನಿರ್ಬಂಧ ಹೋಗಿದೆ, ಯಾರು ಬೇಕಾದರೂ ಸಲ್ಲಿಸಬಹುದು. ಬಾಗಿಲು ತೆರೆದಿರುವಾಗ ಒಳಗೆ ಹೋಗಿ ಮಾತಾಡುವುದೇ ಸರಿ.

ವಿರೋಧ: ಅಡ್ಡ ನಿಲ್ಲುವುದು ತಪ್ಪು

ನನಗೂ ಹೂಟರ್ಸ್ ಇಷ್ಟವಿಲ್ಲ. ನಾನು ಅಲ್ಲಿ ಊಟಕ್ಕೆ ಕೂರುವುದಿಲ್ಲ, ನನ್ನವರು ಕೂತರೆ ಯಾಕೆ ಎಂದು ಕೇಳುತ್ತೇನೆ. ಆದರೆ ನನಗೆ ಹೇಸಿಗೆಯಾಗುತ್ತದೆ ಎಂಬುದು ಒಂದು ಅಂಗಡಿಯ ಬಾಗಿಲು ಮುಚ್ಚಿಸಲು ಸಾಕಾಗಬಾರದು.

ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕ ಕಿರಿಕಿರಿಯ ತಡೆ, ಮಕ್ಕಳ ರಕ್ಷಣೆ: ಇಂಗ್ಲೆಂಡಿನ ಪರವಾನಗಿ ಕಾಯ್ದೆ ಈ ನಾಲ್ಕನ್ನು ಮಾತ್ರ ನೋಡು ಎನ್ನುತ್ತದೆ. ಊರಿನ ಅಭಿರುಚಿ ಅದರಲ್ಲಿಲ್ಲ. ಬೇಕೆಂದೇ ಬಿಟ್ಟಿದ್ದಾರೆ, ಬಿಟ್ಟದ್ದೇ ಒಳ್ಳೆಯದಾಯಿತು. ಊರಿನ ಅಭಿರುಚಿ ಹಿಂದೆ ಯಾರ ಮೇಲೆ ಎರಗಿತ್ತು ಎಂಬುದಕ್ಕೆ ದಾಖಲೆ ಇದೆ. 1934ರಲ್ಲಿ ಲಂಡನ್ನಿನ ಎಂಡೆಲ್ ಸ್ಟ್ರೀಟ್‌ನಲ್ಲಿ ಕ್ಯಾರವಾನ್ ಎಂಬ ಕ್ಲಬ್ಬಿತ್ತು, ಸಲಿಂಗಿ ಗಂಡಸರು ಮತ್ತು ಹೆಂಗಸರು ಅಂಜಿಕೆಯಿಲ್ಲದೆ ಕುಣಿಯಬಹುದಾಗಿದ್ದ ನೆಲಮಾಳಿಗೆ. ನೆರೆಹೊರೆಯವರಿಗೆ ಅದು ಸಹ್ಯವಾಗಲಿಲ್ಲ, ದೂರು ಬರೆದರು. ಪೊಲೀಸರು ದಾಳಿ ಮಾಡಿ ಅಲ್ಲಿದ್ದವರನ್ನು ಬಂಧಿಸಿದರು. ಆ ನೆರೆಹೊರೆಯವರೂ ತಮ್ಮ ಬೀದಿಯನ್ನು, ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದವರು. ಇಂದಿನ ಸ್ತ್ರೀವಾದಿಗಳನ್ನು ಅವರ ಸಾಲಿಗೆ ಸೇರಿಸುವ ಉದ್ದೇಶ ನನಗಿಲ್ಲ, ಇವರ ಕಾಳಜಿ ಬೇರೆಯೇ. ಆದರೆ ಇಬ್ಬರೂ ಕೈಗೆತ್ತಿಕೊಳ್ಳುವ ಹತ್ಯಾರು ಒಂದೇ. ಅದನ್ನು ಹರಿತ ಮಾಡಿಟ್ಟರೆ ಮುಂದೆ ಹಿಡಿಯುವವರು ಸ್ತ್ರೀವಾದಿಗಳೇ ಆಗಿರುತ್ತಾರೆ ಎಂಬ ಖಾತ್ರಿ ಯಾರಿಗೂ ಇಲ್ಲ.

ಈ ಗದ್ದಲದಲ್ಲಿ ಆ ಕೆಲಸಕ್ಕೆ ಅರ್ಜಿ ಹಾಕಿದ ಯುವತಿಯರ ಮಾತು ಎಲ್ಲಿ ಕೇಳುತ್ತದೆ? ಅವರ ಪರವಾಗಿ ಎಲ್ಲರೂ ಮಾತಾಡುತ್ತಾರೆ. ಎಡಿನ್‌ಬರೊ ಕೌನ್ಸಿಲು 2022ರಲ್ಲಿ ತನ್ನ ನಗರದಲ್ಲಿ ಇರಬಹುದಾದ ಸ್ಟ್ರಿಪ್ ಕ್ಲಬ್ಬುಗಳ (ಬಟ್ಟೆ ಕಳಚುತ್ತ ಕುಣಿಯುವ ಜಾಗಗಳ) ಸಂಖ್ಯೆಯನ್ನು ಸೊನ್ನೆಗೆ ಇಳಿಸಲು ತೀರ್ಮಾನಿಸಿತು, ಹೆಂಗಸರ ಸುರಕ್ಷತೆಯ ಹೆಸರಿನಲ್ಲಿ. ಕೋರ್ಟಿಗೆ ಹೋದ ಕ್ಲಬ್ಬಿನವರ ಜೊತೆಗೆ ಅಲ್ಲಿ ದುಡಿಯುವವರ ಸಂಘಟನೆಯೂ ಅದನ್ನು ವಿರೋಧಿಸಿತು. ಕ್ಲಬ್ಬು ಮುಚ್ಚಿದರೆ ನಮ್ಮ ದುಡಿಮೆ ನಿಲ್ಲುವುದಿಲ್ಲ, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಹೋಗುತ್ತದೆ ಎಂಬುದು ಅವರ ಭಯ. 2023ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ನ್ಯಾಯಾಲಯ ಕೌನ್ಸಿಲಿನ ತೀರ್ಮಾನ ಕಾನೂನುಬಾಹಿರ ಎಂದಿತು. ಚಡ್ಡಿ ತೊಟ್ಟು ಕೋಳಿ ರೆಕ್ಕೆ ಬಡಿಸುವ ಕೆಲಸ ಅದಕ್ಕಿಂತ ಎಷ್ಟೋ ಹಗುರ. ಕಾಲೇಜಿನ ಶುಲ್ಕಕ್ಕೋ ಮನೆ ಬಾಡಿಗೆಗೋ ಹಣ ಕೂಡಿಸುತ್ತಿರುವ ಇಪ್ಪತ್ತೆರಡರ ಹೆಣ್ಣೊಬ್ಬಳು ಇದನ್ನು ಆರಿಸಿಕೊಂಡರೆ, ಅವಳಿಗೆ ತನ್ನ ಹಿತ ತಿಳಿಯದು ಎಂದು ಹೇಳಲು ನಾವು ಯಾರು?

2.13 ಡಾಲರಿನ ಲೆಕ್ಕವನ್ನು ಬ್ರಿಟನ್ನಿಗೆ ತಂದು ಹೆದರಿಸುವುದು ಸರಿಯಲ್ಲ. ಅಲ್ಲಿ 2009ರಿಂದ ಟಿಪ್ಸ್ ಅನ್ನು ಕನಿಷ್ಠ ಕೂಲಿಗೆ ಹೊಂದಿಸಿಕೊಳ್ಳುವಂತಿಲ್ಲ. 2024ರ ಅಕ್ಟೋಬರಿನಿಂದ ಟಿಪ್ಸ್ ಹಣದಲ್ಲಿ ಮಾಲೀಕ ತನ್ನ ಪಾಲು ಮುರಿದುಕೊಳ್ಳುವಂತಿಲ್ಲ, ಎಲ್ಲವೂ ಕೆಲಸಗಾರರಿಗೆ ಸೇರಬೇಕು. ಅದೇ ತಿಂಗಳು ಜಾರಿಗೆ ಬಂದ ಇನ್ನೊಂದು ಕಾನೂನು ಲೈಂಗಿಕ ಕಿರುಕುಳ ನಡೆಯದಂತೆ ಮುಂಚಿತವಾಗಿಯೇ ಕ್ರಮ ತೆಗೆದುಕೊಳ್ಳುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ಸೊಂಟಕ್ಕೆ ಇಳಿದ ಆ ಕೈಗೆ ಮದ್ದು ಇಲ್ಲಿದೆ. ಈ ಮದ್ದು ಹೂಟರ್ಸ್‌ಗೂ ಸಲ್ಲುತ್ತದೆ, ಮೂಲೆಯ ಪಬ್ಬಿಗೂ ಸಲ್ಲುತ್ತದೆ. ಒಂದು ಸರಣಿಯನ್ನು ಊರಾಚೆ ಅಟ್ಟಿದರೆ ಮೂಲೆಯ ಪಬ್ಬಿನಲ್ಲಿ ದುಡಿಯುವವಳಿಗೆ ಏನು ಸಿಕ್ಕಿತು?

ಮಕ್ಕಳ ವಿಷಯದಲ್ಲಿ ಎದುರು ಪಕ್ಷದ ಮಾತಿಗೆ ತೂಕವಿದೆ, ಒಪ್ಪುತ್ತೇನೆ. ಅದಕ್ಕೆ ಪರವಾನಗಿಯಲ್ಲೇ ದಾರಿ ಇದೆ: ಇಂತಿಷ್ಟು ಗಂಟೆಯ ಮೇಲೆ ಮಕ್ಕಳಿಗೆ ಪ್ರವೇಶವಿಲ್ಲ ಎಂದೋ, ಪ್ರವೇಶವೇ ಇಲ್ಲ ಎಂದೋ ಷರತ್ತು ಹಾಕಬಹುದು. ಷರತ್ತು ಹಾಕಿ ಎಂದು ಕೇಳುವವರ ಜೊತೆ ನಾನೂ ಸಹಿ ಮಾಡುತ್ತೇನೆ.

ಇನ್ನು ಊರಿಗೆ ಬೇಡವಾದದ್ದನ್ನು ಊರು ತಾನೇ ತೋರಿಸಿಕೊಡುತ್ತದೆ. ಬ್ರಿಸ್ಟಲ್ ಶಾಖೆ ಪರವಾನಗಿ ಪಡೆದೇ ತೆರೆಯಿತು, 2012ರಲ್ಲಿ ಮುಚ್ಚಿತು. ನಾಟಿಂಗ್‌ಹ್ಯಾಮ್‌ನದು ಎರಡು ದಶಕ ದಾಟಿ ನಡೆಯಿತು. ಎರಡು ಊರುಗಳ ಜನ ಬೇರೆ ಬೇರೆ ಉತ್ತರ ಕೊಟ್ಟರು. ಅಮೆರಿಕದ ಮೂಲ ಕಂಪನಿಯೇ 2025ರ ಮಾರ್ಚ್ 31ರಂದು ಸುಮಾರು 37.6 ಕೋಟಿ ಡಾಲರಿನ ಸಾಲ ಹೊತ್ತು ಟೆಕ್ಸಾಸಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆ ಸಾಲಕ್ಕೆ ಕಾರಣಗಳು ಹಲವು ಇರಬಹುದು, ಯಾವ ಕೌನ್ಸಿಲಿನ ನಿರಾಕರಣೆಯೂ ಅದರಲ್ಲಿಲ್ಲ.

ಒಳಗೆ ಇರುವವರು ಏನು ಮಾಡಬಲ್ಲರು ಎಂಬುದಕ್ಕೂ ಒಂದು ಉದಾಹರಣೆ ಇದೆ. 2021ರಲ್ಲಿ ಕಂಪನಿ ಇನ್ನೂ ಚಿಕ್ಕದಾದ ಹೊಸ ಚಡ್ಡಿಯನ್ನು ಸಮವಸ್ತ್ರವಾಗಿ ತಂದಾಗ ಅಲ್ಲಿನ ಯುವತಿಯರೇ ಅದನ್ನು ತೊಟ್ಟು ವಿಡಿಯೊ ಮಾಡಿ ಟಿಕ್‌ಟಾಕ್‌ನಲ್ಲಿ ಹಾಕಿದರು, ಇದು ನಮಗೆ ಬೇಡ ಎಂದರು. ಕಂಪನಿ ಕೆಲವೇ ದಿನಗಳಲ್ಲಿ ಮಣಿಯಿತು: ಹಳೆಯದನ್ನು ತೊಡುವುದೋ ಹೊಸದನ್ನು ತೊಡುವುದೋ ಅವರವರ ಇಷ್ಟ ಎಂದಿತು. ಊರಿನವರು ವಿಚಾರಣೆಗೆ ಹೋಗುವುದಾದರೆ ಇಂಥ ಬೇಡಿಕೆಗಳನ್ನು ಹಿಡಿದು ಹೋಗಲಿ: ಸಮವಸ್ತ್ರದಲ್ಲಿ ಆಯ್ಕೆ, ಮೈಮುಟ್ಟಿದ ಗಿರಾಕಿಯನ್ನು ಮ್ಯಾನೇಜರನನ್ನು ಕಾಯದೆ ಹೊರಗೆ ಕಳುಹಿಸುವ ಅಧಿಕಾರ, ಕಾರ್ಮಿಕ ಸಂಘಕ್ಕೆ ಸೇರಿದರೆ ಪಾಳಿ ಕಡಿತವಾಗದು ಎಂಬ ಲಿಖಿತ ಭರವಸೆ. ಕೌನ್ಸಿಲು ಇವೆಲ್ಲವನ್ನೂ ಪರವಾನಗಿಯೊಳಗೆ ಸೇರಿಸಲಾರದು. ಕಾನೂನು ಬಿಟ್ಟಷ್ಟನ್ನು ಸೇರಿಸಲಿ, ಮಿಕ್ಕಿದ್ದನ್ನು ಕಂಪನಿಯಿಂದ ನೇರವಾಗಿ ಕೇಳಿ ಪಡೆಯಲಿ. ಅರ್ಜಿಗೆ ಸಹಿ ಹಾಕಿದ ಊರಿನ ಜನರ ಬಲ ಆಗ ಆ ಹುಡುಗಿಯರ ಬೆನ್ನಿಗಿರುತ್ತದೆ.