ಗ್ಯಾಸ್ ಸ್ಟೇಷನ್ ಇಲ್ಲದ 469 ಮೈಲಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಷಾರ್ಲೆಟ್, ರಾಲಿ ಕಡೆಯ ಕನ್ನಡದ ಮನೆಗಳಲ್ಲಿ ಪುಳಿಯೋಗರೆ ಗೊಜ್ಜು ಕುದಿಯುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಬೆಟ್ಟದ ದಾರಿಯಲ್ಲಿ ಎಲೆಗಳ ಬಣ್ಣ ತೋರಿಸಬೇಕಲ್ಲ! "469 ಮೈಲಿ ತಾನೇ, ಬೆಳಿಗ್ಗೆ ಹೊರಟರೆ ರಾತ್ರಿಗೆ ಮುಗಿಯುತ್ತೆ" ಎನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಮುಗಿಯುವುದಿಲ್ಲ. ವೇಗದ ಮಿತಿಯೇ ಗಂಟೆಗೆ 45 ಮೈಲಿ. ತಿರುವು, ವ್ಯೂ ಪಾಯಿಂಟು, ಮುಂದೆ ತೆವಳುವ ಮನೆಗಾತ್ರದ ಆರ್‌ವಿ (ಮಲಗಲು, ಅಡುಗೆ ಮಾಡಲು ಜಾಗವಿರುವ ಪ್ರವಾಸದ ಗಾಡಿ) ಎಲ್ಲ ಸೇರಿದರೆ 30 ಸಿಕ್ಕರೆ ಪುಣ್ಯ. ದಿನಕ್ಕೆ 80 ಮೈಲಿ ಇಟ್ಟುಕೊಂಡರೆ ಊಟ, ಜಗಳ, ಫೋಟೊ ಮೂರಕ್ಕೂ ಸಮಯ ಸಿಗುತ್ತದೆ.

ಫೋನಿನ ಮ್ಯಾಪಿಗೆ ಈ ರಸ್ತೆ ಕಂಡರಾಗದು. ಬೇಗ ತಲುಪುವುದೇ ಅದಕ್ಕೆ ಮೋಕ್ಷ. ಸಂದು ಸಿಕ್ಕಿದೊಡನೆ ಇಂಟರ್‌ಸ್ಟೇಟ್ ಹೆದ್ದಾರಿಗೆ ಇಳಿಸಿಬಿಡುತ್ತದೆ. ಬೆಟ್ಟದ ಮೇಲೆ ಸಿಗ್ನಲ್ಲೂ ಕೈಕೊಡುತ್ತದೆ. ಇಲ್ಲಿ ವಿಳಾಸವೆಂದರೆ ಮೈಲಿಗಲ್ಲು: ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ 0, ನಾರ್ತ್ ಕೆರೊಲಿನಾದ ಚೆರೊಕೀ ಹತ್ತಿರ 469. ದಕ್ಷಿಣಕ್ಕೆಂದು ಹೊರಟು ಅಂಕಿ ಇಳಿಯುತ್ತಿದ್ದರೆ, "ಈ ಜಾಗ ಆಗಲೇ ನೋಡಿದೆವಲ್ಲ" ಎಂದ ಅತ್ತೆಯವರ ಮಾತೇ ಸರಿ.

ಪಾರ್ಕ್‌ವೇ ಮೇಲೆ ಒಂದೂ ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಇಲ್ಲ. ಸರಕಿನ ಲಾರಿಯಿಲ್ಲ, ಜಾಹೀರಾತಿನ ಬೋರ್ಡಿಲ್ಲ. ಇದು ರಸ್ತೆಯ ವೇಷ ಹಾಕಿದ ಪಾರ್ಕು. ಮುಳ್ಳು ಅರ್ಧ ಟ್ಯಾಂಕಿಗೆ ಬಂದರೆ ಮುಂದಿನ ಹೆದ್ದಾರಿ ಕೂಡುವಲ್ಲಿ ಇಳಿದು ತುಂಬಿಸಿಕೊಳ್ಳಿ. ಶೌಚಾಲಯದ ಕಥೆಯೂ ಅಷ್ಟೇ: ಪಿಕ್ನಿಕ್ ಜಾಗದಲ್ಲೋ ವಿಸಿಟರ್ ಸೆಂಟರಿನಲ್ಲೋ ಸಿಗಬೇಕು, ಬರೀ ವ್ಯೂ ಪಾಯಿಂಟಿನಲ್ಲಿ ನೋಟವೊಂದೇ. ಫ್ಲಾಸ್ಕಿನ ಕಾಫಿಯನ್ನು ಲೆಕ್ಕ ನೋಡಿ ಬಗ್ಗಿಸಿ.

ಇನ್ನು ಎಲೆ. ದಾರಿ ಜೇಮ್ಸ್ ನದಿಯ ಬಳಿ 649 ಅಡಿಗೆ ಇಳಿದರೆ, ಮೈಲಿಗಲ್ಲು 431ರ ರಿಚ್‌ಲ್ಯಾಂಡ್ ಬಾಲ್ಸಮ್‌ನಲ್ಲಿ 6053 ಅಡಿಗೆ ಏರುತ್ತದೆ. ಚಳಿ ಮೊದಲು ಮುಟ್ಟುವುದು ಮೇಲೆ, ಆದ್ದರಿಂದ ಬಣ್ಣವೂ ತುದಿಯಿಂದ ಕೆಳಕ್ಕೆ ಇಳಿದು ಬರುತ್ತದೆ. ತಿಂಗಳ ಕೊನೆಯ ವಾರ ನೇರ ಶಿಖರಕ್ಕೆ ಹೋದವರಿಗೆ ಸಿಗುವುದು ಬೋಳು ಕೊಂಬೆ. ಪೇಚುಮೋರೆ ಹಾಕಿಕೊಳ್ಳುವ ಬದಲು ಎರಡು ಸಾವಿರ ಅಡಿ ಕೆಳಗಿಳಿಯಿರಿ, ಬಣ್ಣ ಅಲ್ಲಿದೆ.

ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಫೋನ್ ನೋಡುವ ಮಕ್ಕಳಿಗೆ ವಾಂತಿ ಗ್ಯಾರಂಟಿ. ಕಣ್ಣು "ನಿಂತಿದ್ದೇವೆ" ಎನ್ನುತ್ತದೆ, ಕಿವಿಯೊಳಗಿನ ತಕ್ಕಡಿ "ತಿರುಗುತ್ತಿದ್ದೇವೆ" ಎನ್ನುತ್ತದೆ, ಇಬ್ಬರ ನಡುವೆ ಹೊಟ್ಟೆ ರಾಜೀನಾಮೆ ಕೊಡುತ್ತದೆ. ಹೊರಡುವ ಬೆಳಿಗ್ಗೆ ಯಾವ ಭಾಗ ತೆರೆದಿದೆ, ಯಾವುದು ಮುಚ್ಚಿದೆ ಎಂದು ಹೇಳುವ ನ್ಯಾಷನಲ್ ಪಾರ್ಕ್ ಸರ್ವಿಸ್‌ನವರ ರಸ್ತೆ ಪಟ್ಟಿ ನೋಡುವುದು ಕಡ್ಡಾಯ. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಎಷ್ಟೋ ಕಡೆ ದಾರಿಯನ್ನೇ ಕೊಚ್ಚಿತ್ತು.

ಎಲ್ಲಕ್ಕಿಂತ ದೊಡ್ಡ ಪೇಚು ಮೈಲಿಗಲ್ಲು 304ರಲ್ಲಿ. 1935ರಲ್ಲಿ ಶುರುವಾದ ದಾರಿ ಪೂರ್ತಿಯಾಗಿದ್ದು 1987ರಲ್ಲಿ, ಲಿನ್ ಕೋವ್ ವಯಡಕ್ಟ್ ತೆರೆದಾಗ. ಗ್ರ್ಯಾಂಡ್‌ಫಾದರ್ ಬೆಟ್ಟದ ಬಂಡೆ ಸಿಡಿಸಬಾರದೆಂದು ಬೆಟ್ಟದ ಪಕ್ಕೆಯಲ್ಲೇ ತೇಲಿಸಿದಂತೆ ಕಟ್ಟಿದ, ಹಾವಿನಂತೆ ಬಳುಕುವ ಸೇತುವೆ. 153 ಕಾಂಕ್ರೀಟ್ ತುಂಡುಗಳಲ್ಲಿ ನೆಟ್ಟಗಿರುವುದು ಒಂದೇ ಒಂದು. ಕ್ಯಾಲೆಂಡರಿನಲ್ಲಿ ನೋಡಿ ಎಲ್ಲರೂ ಕಾಯುತ್ತಿರುತ್ತಾರೆ. ಆದರೆ ಉದ್ದ 1243 ಅಡಿ. 45ರ ವೇಗದಲ್ಲಿ ಸುಮಾರು 19 ಸೆಕೆಂಡು. ಮೇಲೆ ಓಡುವ ಕಾರಿಗೆ ಕಾಣುವುದು ಬರೀ ತಡೆಗೋಡೆ. ಸೇತುವೆ ಕಾಣಬೇಕಾದರೆ ದಕ್ಷಿಣ ತುದಿಯಲ್ಲಿ ಗಾಡಿ ನಿಲ್ಲಿಸಿ ಕಾಲುದಾರಿ ಹಿಡಿದು ಅದರ ಕೆಳಕ್ಕೆ ಹೋಗಬೇಕು. ಅದು ಗೊತ್ತಿಲ್ಲದ ಕಾರು ಮುಂದೆ ಹತ್ತು ಮೈಲಿ ಹೋದ ಮೇಲೆ ಹಿಂದಿನ ಸೀಟಿನಿಂದ ಮಾವನವರ ದನಿ ಕೇಳುತ್ತದೆ: "ಸೇತುವೆ ಇನ್ನೂ ಎಷ್ಟು ದೂರ?"