ಹೆಸರು ಬೀಳುವ ಹೊತ್ತು

‘ಸಹಾಯಕ ಛಾಯಾಗ್ರಾಹಕರು’ ಎಂಬ ಸಾಲು ಪರದೆಯ ಅರ್ಧಕ್ಕೆ ಏರಿತ್ತಷ್ಟೆ, ಚಿತ್ರಮಂದಿರದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಎಡಗಡೆಯ ಬಾಗಿಲು ತೆರೆದು, ಕಲಬುರಗಿಯ ಮೇ ತಿಂಗಳ ನಾಲ್ಕು ಗಂಟೆಯ ಬಿಸಿಲು ಒಳಗೆ ನುಗ್ಗಿತು. ನನ್ನ ಮುಂದಿನ ಸಾಲಿನ ಮಹನೀಯರೊಬ್ಬರು ಎದ್ದು ನಿಂತು, ಪ್ಯಾಂಟು ಮೇಲೆಳೆದುಕೊಂಡು, ತಾವು ಇಲ್ಲದ ಎರಡೂವರೆ ತಾಸಿನಲ್ಲಿ ಲೋಕಕ್ಕೆ ಏನೇನಾಯಿತೆಂದು ಮೊಬೈಲಿನಲ್ಲಿ ವಿಚಾರಿಸತೊಡಗಿದರು. ಅವರ ಬೆನ್ನಿನ ಆಚೆ ಪ್ರಸಾಧನದವರು, ವಸ್ತ್ರಾಲಂಕಾರದವರು, ಸಾಹಸದವರು ಒಬ್ಬರ ಹಿಂದೊಬ್ಬರು ಮೇಲೇರಿ ಮಾಯವಾದರು. ಸ್ವಲ್ಪ ಕೂಡ್ರಿ ಎಂದೆ. ಅವರು ನನ್ನನ್ನು ಒಮ್ಮೆ, ಪರದೆಯನ್ನು ಒಮ್ಮೆ ನೋಡಿ, “ಮುಗೀತಲ್ರೀ” ಎಂದರು.

ಇಷ್ಟು ಅವಸರದಿಂದ ಹೊರಗೆ ಹೋಗಿ ಇವರು ಮಾಡುವ ಘನಕಾರ್ಯವನ್ನು ನಾನು ಬಲ್ಲೆ. ಪಾರ್ಕಿಂಗಿನಲ್ಲಿ ಒಬ್ಬರ ಗಾಡಿಗೆ ಒಬ್ಬರು ಅಡ್ಡ ನಿಂತು ಕಾಲು ತಾಸು ಹಾರ್ನ್ ಬಾರಿಸುತ್ತಾರೆ. ಆ ಕಾಲು ತಾಸನ್ನು ಒಳಗಿನ ತಂಪಿನಲ್ಲಿ ಕುಳಿತು ಕಳೆದಿದ್ದರೆ ಮುನ್ನೂರು ಜನರ ಹೆಸರು ಓದಿದ ಪುಣ್ಯವಾದರೂ ಬರುತ್ತಿತ್ತು.

ನಾವು ಹುಡುಗರಾಗಿದ್ದಾಗ ಹೆಸರುಗಳು ಮೊದಲಿಗೇ ಬರುತ್ತಿದ್ದವು. ತಡವಾಗಿ ಓಡಿ ಬಂದವರು ಬಾಗಿಲಲ್ಲಿ ನಿಂತವನನ್ನು ‘ಸುರು ಆಯಿತೇ’ ಎಂದು ಕೇಳಿದರೆ ಅವನು “ಇಲ್ರೀ, ಇನ್ನಾ ಹೆಸರು ಬೀಳ್ಲತ್ತಾವ” ಎಂದು ಧೈರ್ಯ ಹೇಳುತ್ತಿದ್ದ. ಆಗ ಸಾವಿರ ಅಡಿ ಫಿಲ್ಮು ಓಡುತ್ತಿದ್ದುದೇ ಹನ್ನೊಂದು ನಿಮಿಷ. ಹೆಸರುಗಳಿಗೆಂದು ಧಾರಾಳವಾಗಿ ಅಡಿಗಳನ್ನು ಬಿಡುವ ನಿರ್ಮಾಪಕ ಎಲ್ಲಿದ್ದ? ಹಾಗಾಗಿ ಹೆಸರುಗಳು ಕಡಿಮೆ ಇದ್ದವು, ಆದರೆ ಕತೆ ಬೇಕಾದವನು ಅವುಗಳ ಕೆಳಗೆ ನುಸುಳಿಯೇ ಬರಬೇಕಾಗಿತ್ತು. ಕೊನೆಗೆ ‘ಶುಭಂ’ ಎಂದು ಬಿದ್ದರೆ ಮುಗಿಯಿತು, ಯಾರು ಎದ್ದರೂ ತಕರಾರಿಲ್ಲ. ಈಗ ಮೊದಲಿಗೆ ನಾಯಕನ ಹೆಸರು ಗುಡುಗು ಮಿಂಚಿನೊಂದಿಗೆ ಬರುತ್ತದೆ. ಉಳಿದವರೆಲ್ಲ ಕೊನೆಯಲ್ಲಿ, ಕಸ ಗುಡಿಸುವ ಹೊತ್ತಿಗೆ.

ನಾಯಕನ ಹೆಸರು ದೊಡ್ಡದಾಗಿ ಬರುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸನ್ನತಿಯ ಮಗ್ಗುಲಿನ ಕನಗನಹಳ್ಳಿಯ ಸ್ತೂಪದ ಒಂದು ಕಲ್ಲಿನಲ್ಲಿ ರಾಜ ಅಶೋಕನನ್ನು ಕೆತ್ತಿ ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದ್ದಾರೆ, ಜೊತೆಗೆ ನಿಂತ ಸೇವಕಿಯರು ಯಾರೆಂದು ಬರೆದಿಲ್ಲ. ಆದರೆ ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿಗೆ ಹೋಗಿ ನೋಡಿ. 1367ರಲ್ಲಿ ಅದನ್ನು ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫಿ ಎಂದು ಶಾಸನವಿದೆ. ಅವನ ತಂದೆ ಶಮ್ಸ್, ಅಜ್ಜ ಮನ್ಸೂರ್ ಎಂಬುದೂ ಇದೆ. ಮೂರು ತಲೆಮಾರು! ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಕಲಾ ನಿರ್ದೇಶನದ ವಿಭಾಗದವನು. ಆರೂವರೆ ಶತಮಾನವಾಯಿತು, ಅವನ ಹೆಸರಿನ ಮುಂದೆ ಯಾರೂ ಎದ್ದು ನಿಂತು ಪ್ಯಾಂಟು ಏರಿಸಿಲ್ಲ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು, ಅದು ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು. ಅದು ನಮ್ಮ ಮಾವಶಿ, ಅಂದರೆ ನನ್ನ ತಾಯಿಯ ತಂಗಿ. ಊರಲ್ಲಿ ಅವಳದೊಂದು ಸಣ್ಣ ಖಾನಾವಳಿಯಿದೆ. ಈ ಚಿತ್ರದ ಯೂನಿಟ್ಟು ಆಳಂದದ ಕಡೆಯ ಒಂದು ಹಳ್ಳಿಯ ಹಳೆಯ ವಾಡೆಯಲ್ಲಿ ಹನ್ನೊಂದು ದಿನ ಬೀಡುಬಿಟ್ಟಿದ್ದಾಗ, ಎರಡನೆಯ ದಿನಕ್ಕೇ ಬೆಂಗಳೂರಿನಿಂದ ಬಂದ ಅಡುಗೆಯವರ ಅನ್ನ ಸಾರಿಗೆ ಲೈಟಿನ ಹುಡುಗರು ಬೇಸತ್ತು, ಮ್ಯಾನೇಜರು ರೊಟ್ಟಿ ಹುಡುಕುತ್ತ ಮಾವಶಿಯ ಬಾಗಿಲಿಗೆ ಬಂದಿದ್ದ. ಅವಳು ತನ್ನ ರೊಟ್ಟಿ ಬಡಿಯುವ ಕಲ್ಲು, ಹಂಚು, ಇಬ್ಬರು ಹೆಣ್ಣುಮಕ್ಕಳು, ಒಂದು ಡಬ್ಬಿ ಶೇಂಗಾ ಹಿಂಡಿಯ ಸಮೇತ ಟಂಟಂ ಏರಿ ಹೋದಳು. ನಿಮ್ಮ ಹೆಸರನ್ನೂ ಹಾಕಿಸುತ್ತೇನೆ ಎಂದು ಮ್ಯಾನೇಜರು ಮಾತು ಕೊಟ್ಟಿದ್ದ.

ಚಿತ್ರರಂಗದ ಬಗ್ಗೆ ನನಗೆ ತಿಳಿದಿರುವುದೆಲ್ಲ ಆ ಹನ್ನೊಂದು ದಿನಗಳ ವರದಿಯಿಂದಲೇ. ಮಾವಶಿಗೆ ಯಾರ ಹುದ್ದೆಯೂ ತಿಳಿಯದು, ಅವರು ಉಂಡದ್ದು ತಿಳಿದಿದೆ. ಶಾಟ್ ಸುರುವಾಗುವ ಮೊದಲು ಟೇಪು ಹಿಡಿದು ಕ್ಯಾಮೆರಾದಿಂದ ನಾಯಕಿಯ ಮೂಗಿನವರೆಗೆ ಅಳೆಯುತ್ತಿದ್ದ ಫೋಕಸ್ ಪುಲ್ಲರ್ (ಚಿತ್ರ ಮಸುಕಾಗದಂತೆ ನೋಡಿಕೊಳ್ಳುವವ) ಹುಡುಗನನ್ನು ಅವಳು ನಾಲ್ಕು ದಿನ ದರ್ಜಿಯೆಂದೇ ತಿಳಿದು, ತನ್ನ ಕುಪ್ಪಸದ ಅಳತೆ ಸರಿಯಿಲ್ಲವೆಂದು ಅವನ ಮುಂದೆ ದೂರಿದ್ದಳು. ಅವನು ಪುಂಡಿಪಲ್ಯ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹುಣಸೆಕಾಯಿ ಉದುರಿಸುವ ದೋಟಿಯಂಥ ಕೋಲಿನ ತುದಿಗೆ ಮೈಕು ಕಟ್ಟಿಕೊಂಡು ತಾಸುಗಟ್ಟಲೆ ತಲೆಯ ಮೇಲೆತ್ತಿ ನಿಲ್ಲುತ್ತಿದ್ದವನಿಗೆ ಸಂಜೆಯ ಹೊತ್ತಿಗೆ ತುತ್ತೆತ್ತಲೂ ತೋಳು ಏಳುತ್ತಿರಲಿಲ್ಲವಂತೆ. ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದವರು ಲೈಟಿನ ಹುಡುಗರು, ಎಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದವರೂ ಅವರೇ; ಆದುದರಿಂದ ಅವಳ ಲೆಕ್ಕದಲ್ಲಿ ಯೂನಿಟ್ಟಿನ ದೊಡ್ಡ ಮನುಷ್ಯರು ಅವರು.

ಅವಳನ್ನು ನಿಜವಾಗಿ ಕಂಗೆಡಿಸಿದವಳು ಕಂಟಿನ್ಯುಟಿಯ ಹುಡುಗಿ. ನಾಯಕ ಊಟಕ್ಕೆ ಕುಳಿತು, ರೊಟ್ಟಿ ಮುರಿದು, ಒಂದು ತುತ್ತು ಬಾಯಿಗಿಟ್ಟು, ತಂದೆಯ ಸಾವಿನ ಸುದ್ದಿ ಕೇಳಿ ಕೈ ತಡೆಯುವ ದೃಶ್ಯವದು. ಅದಕ್ಕೆ ಹದಿನೇಳು ಟೇಕ್‌ಗಳಾದವು. ಪ್ರತಿ ಸಲವೂ ತಟ್ಟೆಯಲ್ಲಿನ ರೊಟ್ಟಿ ಹಿಂದಿನ ಸಲದಂತೆಯೇ ಮುರಿದಿರಬೇಕು, ಉಳ್ಳಾಗಡ್ಡಿಯ ಹೋಳು ಅದೇ ಮಗ್ಗುಲಿಗೆ ಇರಬೇಕು, ಹಿಂಡಿಯ ಮೇಲೆ ಬೆರಳೊತ್ತಿದ ಗುರುತು ಅದೇ ಜಾಗದಲ್ಲಿ ಬೀಳಬೇಕು. ಆ ಹುಡುಗಿ ಮೊಬೈಲಿನಲ್ಲಿ ತೆಗೆದ ಫೋಟೋ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಮಾವಶಿ ಬಿಸಿ ರೊಟ್ಟಿಯನ್ನು ಫೋಟೋದಲ್ಲಿದ್ದಂತೆ ಹರಿಯುತ್ತಿದ್ದಳು. ಸ್ವಲ್ಪ ಹೆಚ್ಚು ಹರಿದರೆ ಇನ್ನೊಂದು ರೊಟ್ಟಿ. ತಂದೆ ಸತ್ತ ಸುದ್ದಿ ಕೇಳಿದವನ ರೊಟ್ಟಿಯನ್ನು ಯಾರು ನೋಡುತ್ತಾರೆ ಎಂದು ಇವಳು ಕೇಳಿದ್ದಕ್ಕೆ ಆ ಹುಡುಗಿ, ಎಲ್ಲರೂ ನೋಡುತ್ತಾರೆ ಅಮ್ಮಾ, ತಪ್ಪಿದ್ದರೆ ಮಾತ್ರ, ಎಂದಳಂತೆ.

ಇಷ್ಟಾದ ಮೇಲೆ ಧ್ವನಿಗ್ರಹಣದವನು ಬಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಕೆಂದ. ವಾಡೆಯ ಹಿತ್ತಲಲ್ಲಿ ಇವಳು ಬಡಿದರೆ ಪಡಸಾಲೆಯಲ್ಲಿ ಅವನ ಕಿವಿಗೆ ಕೇಳುತ್ತಿತ್ತು. ಎಂಬತ್ತು ಜನರ ಊಟ ಅರ್ಧ ತಾಸು ತಡವಾಯಿತು. ಮಧ್ಯಾಹ್ನ ಅದೇ ಮನುಷ್ಯ, ಬೈದವನೇ, ಮೈಕು ಹಿಡಿದು ಹಿತ್ತಲಿಗೆ ಬಂದು, ಈಗ ಬಡಿಯಿರಿ ಎಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ತೆಳ್ಳಗೆ ಬಡಿಯಿರಿ, ದಪ್ಪಗೆ ಬಡಿಯಿರಿ, ಅವಸರದಿಂದ ಬಡಿಯಿರಿ, ಬೇಸರದಿಂದ ಬಡಿಯಿರಿ ಎಂದು ಹನ್ನೆರಡು ರೊಟ್ಟಿ ಬಡಿಸಿಕೊಂಡ. ಬೇಸರದ ರೊಟ್ಟಿಗೆ ತಾನೇನೂ ಪ್ರಯತ್ನಪಡಬೇಕಾಗಲಿಲ್ಲವೆಂದು ಮಾವಶಿ ಹೇಳುತ್ತಾಳೆ. ಕೊನೆಗೆ ಎಲ್ಲರೂ ಅರ್ಧ ನಿಮಿಷ ಸುಮ್ಮನಿರಬೇಕೆಂದು ಹೇಳಿ, ಹಿತ್ತಲಿನ ಖಾಲಿ ಮೌನವನ್ನೂ ತುಂಬಿಕೊಂಡು ಹೋದ. ಮಾತುಗಳ ನಡುವಿನ ತೆರಪು ಮುಚ್ಚಲು ಅದು ಬೇಕಾಗುತ್ತದಂತೆ. ಸುಮ್ಮನೆ ಕೂರುವುದಕ್ಕೂ ಪಗಾರ ಸಿಗುವ ಕಸುಬು ಇದೊಂದೇ ಎಂದು ಅವಳು ಇಂದಿಗೂ ಆಶ್ಚರ್ಯಪಡುತ್ತಾಳೆ. ಸರಕಾರಿ ನೌಕರಿಯಿಂದ ನಿವೃತ್ತನಾದ ನಾನು ಆ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ.

ಹೀಗಿರಲಾಗಿ, ಆ ದಿನ ಚಿತ್ರಮಂದಿರದ ಕತ್ತಲೆಯಲ್ಲಿ, ನಾಯಕಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಾಗ ಮಾವಶಿ ನನ್ನ ಮೊಣಕೈ ಹಿಡಿದಳು. “ಕೇಳು ತಮ್ಮಾ. ಕೈ ಅಕಿಂದು, ಸಪ್ಪಳ ನಂದು.” ನಿಜವಾಗಿತ್ತು. ಮೂರು ಭಾರಿ ಬಡಿತ, ಒಂದು ಹಗುರ, ಆಮೇಲೆ ಅಂಗೈಯಿಂದ ತಿರುಗಿಸುವ ಸಣ್ಣ ಸರಸರ ಸಪ್ಪಳ. ನಾನು ಹುಡುಗನಾಗಿದ್ದಾಗಿನಿಂದ ಕೇಳಿದ ಲೆಕ್ಕವದು. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರಗಳು ಓಡುತ್ತಿದ್ದವು, ಅವುಗಳ ಜೊತೆಗೆ ನಮ್ಮ ಮಾವಶಿಯ ಅಂಗೈ ಓಡುತ್ತಿತ್ತು. ನನಗೆ ಗಂಟಲು ಕಟ್ಟಿತು. ಕೊನೆಯಲ್ಲಿ ಅವಳ ಹೆಸರನ್ನು ಜೋರಾಗಿ ಓದಿ ಅವಳಿಗೆ ಕೇಳಿಸಬೇಕೆಂದು ಕಾದು ಕುಳಿತೆ. ಆಗಲೇ ಆ ದೀಪ, ಆ ಬಾಗಿಲು, ಆ ಪ್ಯಾಂಟಿನ ಮಹನೀಯರು.

ಹೊರಗೆ ಬಂದು ನಾನು ಚಡಪಡಿಸುತ್ತಿದ್ದರೆ ಮಾವಶಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಸಮಾಧಾನವಾಗಿಯೇ ಇದ್ದಳು. “ಹೆಸರು ಬರ್ಲಿಲ್ಲ, ಛಲೋ ಆಯ್ತು ಬಿಡು. ಅಕಿ ಹಂಚಿನ ಮ್ಯಾಲಿನ ರೊಟ್ಟಿಗಿ ನೀರು ಸವರಿದ್ಳೇನು? ಹಂಗೇ ತಿರುವಿ ಹಾಕಿದ್ಳು. ಅಂಚೆಲ್ಲಾ ಬಿರುಕು. ಆ ರೊಟ್ಟಿ ನಾ ಮಾಡೀನಿ ಅಂತ ಮಂದಿ ತಿಳ್ಕೊಂಡ್ರ ನಾಳಿ ಖಾನಾವಳಿಗಿ ಯಾರು ಬರ್ತಾರ?”

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮರುವಾರ ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋದೆ. ಹೆಸರುಗಳಿಗಾಗಿ ಮಾತ್ರವೇ ಪೂರ್ತಿ ದುಡ್ಡು ಕೊಟ್ಟು, ಮಧ್ಯಂತರದವರೆಗೆ ನಿದ್ದೆ ಮಾಡಿ, ಕೊನೆಯ ಹಾಡಿಗೆ ಎದ್ದು ಕುಳಿತೆ. ಹೆಸರುಗಳು ಬೀಳತೊಡಗಿದವು. ಕಾಲ್ತುದಿಯವರೆಗೆ ಕಸಬರಿಗೆ ತಂದ ಹುಡುಗ, ಆಟ ಮುಗಿಯಿತಲ್ಲ, ಏನು ನೋಡುತ್ತಿದ್ದೀರಿ ಎಂದ. ಹೆಸರು ಎಂದೆ.

“ನಿಮ್ಮ ಹೆಸರು ಅದ ಏನ್ರೀ?”

ಇಲ್ಲವೆಂದೆ. ಅವನ ಮುಖದಲ್ಲಿ ಮರುಕ ಕಂಡಿತು. ಅವನ ಕೈಸನ್ನೆಗೋ, ತನ್ನ ರೂಢಿಗೋ, ಮೇಲಿನವನು ದೀಪ ಹಾಕಿದ. ಆ ಬೆಳಕಿನಲ್ಲಿ ಬಿಳಿಯ ಅಕ್ಷರಗಳು ನೀರು ಮಜ್ಜಿಗೆಯಾದವು. ‘ಊಟೋಪಚಾರ’ ಎಂಬ ಪದವನ್ನು ಕಂಡೆ. ಅದರ ಕೆಳಗೆ ಮೂರು ಸಾಲುಗಳಿದ್ದವು, ಮೂರನೆಯದು ಗಿಡ್ಡವಾಗಿತ್ತು. ಮಾವಶಿಯ ಹೆಸರೂ ಗಿಡ್ಡವೇ. ಅಷ್ಟರಲ್ಲಿ ಅದು ಮೇಲೇರಿತು.

ಸಂಜೆ ಖಾನಾವಳಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ಮಾವಶಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, ಆ ಮ್ಯಾನೇಜರನ ಹೆಸರು ಬಂದಿತ್ತೇ ಎಂದಳು. ಬಂದಿತ್ತು, ದೊಡ್ಡ ಅಕ್ಷರಗಳಲ್ಲಿ, ದೀಪ ಹಾಕುವ ಮೊದಲೇ ಎಂದೆ.

“ಮೂರು ದಿನದ್ದು ಬಾಕಿ ಇಟ್ಟು ಹೋಗ್ಯಾನ” ಎಂದು ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. “ಹೆಸರಿನ ಕೆಳಗ ಅಡ್ರೆಸ್ ಏನರ ಕೊಟ್ಟಿದ್ರೇನು?”