ಮೈಕಲ್ಲಿ ಹೇಳ್ಬೇಕಿತ್ತೇನ್ರೀ ಅದನ್ನ?

ಸರಿ, ನನ್ನ ಲಾರಿ ನಿಂತೋಯ್ತು. ನಿಲ್ಲದೇ ಇರೋ ಗಾಡಿ ಯಾರ ಹತ್ರ ಐತೆ? ಆದ್ರೆ ಅದನ್ನ ಮೈಕಲ್ಲಿ ಹೇಳ್ಬೇಕಿತ್ತಾ? ಬೆಳಗ್ಗೆಯಿಂದ ಅದೇ ದನಿ ಕಿವೀಲಿ ಗುಯ್ ಅಂತೈತೆ. ತಟ್ಟೆ ಮುಂದೆ ಕೂತ್ರೆ ಅನ್ನ ಗಂಟ್ಲಲ್ಲಿ ಇಳೀತಿಲ್ಲ.

26 ಸಾವಿರ. ಹೊಸ ಬ್ಯಾಟರಿ ಎರಡಕ್ಕೆ, ಹಳೇವು ವಾಪಸ್ ಕೊಟ್ಟ ಮೇಲೆ. ಅದಾಗಿ ಹದಿನೈದು ದಿನಕ್ಕೆ ಸೆಲ್ಫ್, ಅಂದ್ರೆ ಎಂಜಿನ್ ತಿರುವಿ ಹೊತ್ತಿಸೋ ಮೋಟರು, ಅದನ್ನ ಬಿಚ್ಚಿ ಕಾರ್ಬನ್ನು, ಬುಷ್ಷು, ಸೊಲೆನಾಯ್ಡು ಅಂತ 6,500. ಅದಾದ ಮೇಲೆ ಇನ್ನೊಬ್ಬ ಮಹಾಶಯ ಕೀ ಸ್ವಿಚ್ಚೇ ಹೋಗೈತೆ ಅಂದ, 1,800. ಮೂರು ಅಂಗಡಿ ಸೇರಿ 34,300. ಮೂರು ಕಡೆನೂ ಹೊರಡುವಾಗ ಒಂದೇ ಮಾತು, "ಇನ್ನು ತಲೆ ಕೆಡಿಸ್ಕೋಬ್ಯಾಡ್ರಿ ಯಜಮಾನ್ರೆ, ಒಂದು ವರ್ಷ ಈ ಕಡೆ ತಿರುಗಿ ನೋಡಂಗಿಲ್ಲ." ಮೂರು ದಿನಕ್ಕೆ ತಿರುಗಿ ನೋಡೋ ಹಂಗಾಯ್ತು.

ಆಗ್ತಿದ್ದದ್ದು ಇಷ್ಟೇ. ಕೀ ಆನ್ ಮಾಡಿದ್ರೆ ಡ್ಯಾಶ್‌ಬೋರ್ಡ್ ದೀಪ ಎಲ್ಲ ಜಗ್ಗಂತ ಹತ್ತುತ್ತೆ. ಸ್ಟಾರ್ಟಿಗೆ ತಿರುವಿದ್ರೆ "ಟಕ್". ಒಂದೇ ಒಂದು ಟಕ್. ಆಮೇಲೆ ಕತ್ತಲೆ. ದೀಪ ಇಲ್ಲ, ಹಾರ್ನ್ ಇಲ್ಲ, ಗಡಿಯಾರನೂ ಸತ್ತೋಗುತ್ತೆ. ಹತ್ತು ನಿಮಿಷ ಸುಮ್ನೆ ಕೂತ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಮತ್ತೆ ಜೀವ ಬರುತ್ತೆ. ಅಂಗಡಿಗೆ ತಗೊಂಡು ಹೋದ್ರೆ ಒಂದೇ ಏಟಿಗೆ ಸ್ಟಾರ್ಟ್. ಡಾಕ್ಟ್ರ ಮುಂದೆ ಹೋದ ತಕ್ಷಣ ಹೊಟ್ಟೆನೋವು ನಿಂತಂಗೆ.

ಅದಕ್ಕೇ ನಾನು ಎಂಜಿನ್ ಆಫ್ ಮಾಡೋದೇ ಬಿಟ್ಟಿದ್ದೆ. ಟೀ ಕುಡಿಯೋಕೆ ಇಳಿದ್ರೂ ಓಡ್ತಾನೇ ಇರ್ಲಿ. ಡೀಸೆಲ್ ಸುಟ್ರೆ ಸುಡ್ಲಿ.

ಇವತ್ತು ದಾವಣಗೆರೇಲಿ ಮೆಕ್ಕೆಜೋಳ ಲೋಡು, ತಮಿಳುನಾಡಿನ ನಾಮಕ್ಕಲ್ ಕೋಳಿ ಫಾರಂಗೆ. ಅಲ್ಲಿ ಕೋಳಿಗಳು ನನಗೋಸ್ಕರ ಕಾಯ್ತಾ ಇದ್ವು. ಲೋಡ್ ಆಗಿ, ಲಾರಿ ತೂಗೋ ವೇಬ್ರಿಡ್ಜ್ ಹತ್ತಿಸಿದೆ. ಗಾಜಿನ ರೂಮೊಳಗೆ ಕೂತಿದ್ದ ಹುಡುಗ, ನನ್ನ ಮಗನ ವಯಸ್ಸು, ಮೈಕಲ್ಲಿ "ಎಂಜಿನ್ ಆಫ್ ಮಾಡಿ ಕೆಳಗೆ ಇಳೀರಿ" ಅಂದ. ನಾನು ಕೈ ಮಾಡ್ದೆ, ಆಗಲ್ಲಪ್ಪ ಅಂತ. ಮತ್ತೆ ಮೈಕ್, "ಆಫ್ ಮಾಡ್ರಿ, ತೂಕ ಅಲ್ಲಾಡ್ತೈತಿ." ಇಳಿದು ಹೋಗಿ ಕಿಟಕಿಗೆ ಬಗ್ಗಿ, ಯಾರಿಗೂ ಕೇಳಿಸ್ಬಾರ್ದು ಅಂತ ಮೆಲ್ಲಗೆ ಹೇಳ್ದೆ, "ತಮ್ಮಾ, ಆಫ್ ಮಾಡಿದ್ರೆ ಸ್ಟಾರ್ಟ್ ಆಗಲ್ಲ, ಹಂಗೇ ತಗೊಳಪ್ಪ." ಅವನು ನನ್ನ ಮುಖ ನೋಡ್ದ. ಬಟನ್ ಒತ್ತಿದ್ದ ಕೈ ತೆಗೀಲೇ ಇಲ್ಲ.

"ಆಫ್ ಮಾಡಿದ್ರೆ ಸ್ಟಾರ್ಟ್ ಆಗಂಗಿಲ್ವಂತೆ, ದುರ್ಗದ ಗಾಡಿ."

ಯಾರ್ಡಿಗೆಲ್ಲ. ಹಮಾಲರಿಗೆ, ಹಿಂದೆ ಸಾಲಲ್ಲಿ ನಿಂತಿದ್ದ ಟ್ರ್ಯಾಕ್ಟರ್‌ಗಳಿಗೆ, ಚೀಲ ಹೊಲೀತಿದ್ದ ಹೆಣ್ಮಕ್ಳಿಗೆ. ನಂಬರ್ ಪ್ಲೇಟಲ್ಲಿ ಚಿತ್ರದುರ್ಗದ ಕೆಎ 16 ಅಂತ ಇದ್ರೆ ಸಾಕಲ್ಲ, 17ರ ದಾವಣಗೆರೆಯವ್ರಿಗೆ ಹಬ್ಬ. ನಕ್ಕರು. ನಗ್ಲಿ. ನನಗೂ ರೋಷ ಬಂತು. ಹೋಗಿ ಕೀ ತಿರುವಿ ಆಫ್ ಮಾಡ್ದೆ. ನೋಡು ಬೇಕಾದ್ರೆ ಅಂತ. 27 ಟನ್ 640 ಕೆಜಿ ಅಂತ ಮೈಕಲ್ಲಿ ಬಂತು, ಚೀಟಿ ಬಂತು. ಹತ್ತಿ ಕೂತು ಕೀ ತಿರುವಿದೆ.

ಟಕ್.

ವೇಬ್ರಿಡ್ಜ್ ಮೇಲೇ. ಕತ್ತಲೆ. ಹಿಂದೆ ಹಾರ್ನ್ ಶುರು. ನನಗೆ ತಿರುಗಿ ಹಾರ್ನ್ ಹೊಡೆಯೋಣ ಅಂದ್ರೆ ನನ್ನ ಹಾರ್ನಿಗೇ ಜೀವ ಇಲ್ಲ. ಒಬ್ಬ ಕೂಗಿದ, "ದುರ್ಗದ ಗುಡ್ಡದಾಗ ಅಷ್ಟು ಗಾಳಿ ಫ್ಯಾನ್ ಅದಾವು, ಒಂದು ಕಿತ್ಕಂಡು ಕ್ಯಾಬಿನ್ ಮ್ಯಾಲೆ ಇಟ್ಕಂಡು ಬರಬೇಕಿತ್ತು ಕಣಣ್ಣ!" ಇನ್ನೊಬ್ಬ ಡೀಸೆಲ್ ಐತಾ ಅಂತ ಕೇಳ್ದ. ಹಳೇ ಗಾಡಿ ಆಗಿದ್ರೆ ಎಳ್ಕೊಂಡು ಹೋಗಿ ಗೇರ್ ಹಾಕಿ ಹೊತ್ತಿಸ್ಬಹುದಿತ್ತು. ಇದು ಕಾಮನ್ ರೈಲು, ಡೀಸೆಲ್ ಬಿಡೋದೇ ಇಸಿಎಂ ಅನ್ನೋ ಕಂಪ್ಯೂಟರ್ರು, ಅದಕ್ಕೆ ಕರೆಂಟಿಲ್ಲ ಅಂದ್ರೆ ನಾಮಕ್ಕಲ್‌ವರೆಗೆ ಎಳೆದ್ರೂ ಹೊತ್ತಲ್ಲ. ಬ್ರೇಕಿನ ಏರ್ ಇಳಿದ್ರೆ ಚಕ್ರ ಹಿಡ್ಕೊಂಡು ಪಕ್ಕಕ್ಕೆ ಎಳೆಯೋಕೂ ಆಗಲ್ಲ ಅಂತ ಮುಂದಿದ್ದ ಲಾರಿಗೆ ಚೈನ್ ಹಾಕಿ ಎಳೆಸ್ದೆ. ಸ್ಟೀರಿಂಗ್ ಕಲ್ಲು. ಎರಡು ಕೈಲಿ ಜಗ್ಗುತಾ ಇದೀನಿ, ಒಬ್ಬ ಫೋನ್ ಹಿಡ್ಕೊಂಡು ವಿಡಿಯೋ ಮಾಡ್ತಾ ಪಕ್ಕದಲ್ಲೇ ನಡ್ಕೊಂಡು ಬರ್ತಾವ್ನೆ. ಆ ವಿಡಿಯೋ ಯಾರಿಗಾದ್ರೂ ಬಂದಿದ್ರೆ ನೋಡಿ, ಹಲ್ಲು ಕಚ್ಕೊಂಡು ಕೂತಿರೋನು ನಾನೇ.

ಆಮೇಲೆ ಬಂದ ನೋಡ್ರಿ. ಸಾಲಲ್ಲಿದ್ದ ಟ್ರ್ಯಾಕ್ಟರ್ ಹುಡುಗ, ಐಟಿಐ ಓದ್ತಾನಂತೆ, ಮೀಸೆ ಈಗ ಚಿಗುರ್ತೈತೆ. "ಅಣ್ಣ, ಸ್ಟಾರ್ಟ್ ಹೊಡೆದಾಗ ದೀಪನೂ ಹೋಗ್ತಾವಾ?" ಅಂದ. ಹೌದಪ್ಪ ಅಂದೆ. "ಹಂಗಾದ್ರೆ ಸೆಲ್ಫ್ ಅಲ್ಲ ಬಿಡು. ದೀಪಕ್ಕೂ ಸೆಲ್ಫಿಗೂ ಎಲ್ಲಿ ಒಂದೇ ದಾರಿ ಐತೋ ಅಲ್ಲಿ ನೋಡಬೇಕು."

ಇಷ್ಟೇ. ಈ ಒಂದು ಪ್ರಶ್ನೆ ಮೂರು ಅಂಗಡೀಲಿ ಯಾರೂ ಕೇಳ್ಲಿಲ್ಲ.

ಮೀಟರ್ ತಂದ. ಬ್ಯಾಟರಿ ಎರಡೂ ಸೇರಿ 25.1 ವೋಲ್ಟು, ಬ್ಯಾಟರೀದೇನೂ ತಪ್ಪಿಲ್ಲ. ಆಮೇಲೆ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಗೂಟಕ್ಕೆ, ಇನ್ನೊಂದನ್ನ ಚಾಸಿಯ ಬರೀ ಕಬ್ಬಿಣಕ್ಕೆ ಒತ್ತಿ, "ಹೊಡೀರಿ ಅಣ್ಣ" ಅಂದ. ಟಕ್. ಮೀಟರಲ್ಲಿ 23. ಅರ್ಧ ವೋಲ್ಟೂ ಬರಬಾರದ ಜಾಗದಲ್ಲಿ 23! ಇದ್ದ ಶಕ್ತಿ ಎಲ್ಲ ಬ್ಯಾಟರಿ ನೆಗೆಟಿವ್‌ನಿಂದ ಚಾಸಿಗೆ ಹೋಗೋ ಆ ಒಂದಡಿ ಅರ್ಥ್ ಕೇಬಲ್ ಬುಡದಲ್ಲೇ ಸಾಯ್ತಿತ್ತು. ದೀಪಕ್ಕೆ ಬೇಕಾಗೋ ಚೂರುಪಾರು ಕರೆಂಟು ಹೆಂಗೋ ನುಸುಳುತ್ತೆ, ಸೆಲ್ಫ್ ನೂರಾರು ಆಂಪ್ ಕೇಳಿದ ತಕ್ಷಣ ಬಾಗಿಲು ಬಂದ್. ಬೋಲ್ಟ್ ಮುಟ್ಟಿ ನೋಡ್ದೆ, ಸುಡ್ತಿತ್ತು. ಜಂಪರ್ ಕೇಬಲ್ ತಗೊಂಡು ನೆಗೆಟಿವ್‌ನಿಂದ ನೇರ ಎಂಜಿನ್ನಿಗೇ ಕೊಟ್ಟ. ಗುರ್ ಅಂತ ಒಂದೇ ಏಟಿಗೆ ಹೊತ್ತಿತು. ಹಮಾಲರು ಚಪ್ಪಾಳೆ ಹೊಡೆದ್ರು. ಅದೂ ನನಗಲ್ಲ.

ದುಡ್ಡು ಬೇಡ ಅಂದ. ಒಂದು ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ ತಿಂದು ಟ್ರ್ಯಾಕ್ಟರ್ ಹತ್ತಿದ.

ಈಗ ಹೇಳ್ರಿ. ಹೊಸ ಬ್ಯಾಟರಿ ಕೂರಿಸಿದ ಪುಣ್ಯಾತ್ಮ ಕೇಬಲ್ಲಿನ ಇನ್ನೊಂದು ತುದಿ ಎಲ್ಲಿಗೆ ಹೋಗೈತೆ ಅಂತ ಬಗ್ಗಿ ನೋಡಲ್ವಾ? ಸೆಲ್ಫ್ ಬಿಚ್ಚಿದವನು ಮೀಟರ್ ಹಿಡಿಯಲ್ವಾ? ಆ 34,300ಕ್ಕೆ ಉತ್ತರ ಯಾರು ಕೊಡ್ತೀರಿ? ಯಾರಾದ್ರೂ ಒಬ್ಬ ಎಲೆಕ್ಟ್ರಿಷಿಯನ್ ಮಾತಾಡ್ರಪ್ಪ. ಬೈಯಲ್ಲ. ಬೈತೀನಿ, ಆದ್ರೂ ಮಾತಾಡಿ.

ಇನ್ನೊಂದು ವಿಷಯ ಹೇಳ್ಬಾರ್ದು ಅಂತಿದ್ದೆ. ಬೋಲ್ಟ್ ಬಿಚ್ಚಿದಾಗ ಕೇಬಲ್ಲಿನ ಕಿವಿ ಕೆಳಗೆ ಏನಿತ್ತು ಗೊತ್ತಾ? ಬಣ್ಣ. ಕರೀ ಬಣ್ಣ, ಮಿರಮಿರ ಮಿಂಚ್ತಿತ್ತು, ಅಂಚಿಗೆ ತುಕ್ಕು. ಎಫ್‌ಸಿಗೆ, ಅಂದ್ರೆ ಫಿಟ್ನೆಸ್ ಸರ್ಟಿಫಿಕೇಟಿಗೆ, ಮುಂಚೆ ಚಾಸಿಗೆ ಬಣ್ಣ ಬಳಿಸಿದ್ದು ಯಾರು? ನಾನು. ಒಂದು ಕೋಟು ಸಾಕು ಅಂತ ಪೇಂಟರ್ ಅಂದ್ರೂ ಎರಡು ಹೊಡಿ ಅಂದಿದ್ದು ಯಾರು? ನಾನೇ. ಅವನು ಅರ್ಥ್ ಬಿಚ್ಚಿ, ಬಣ್ಣ ಹೊಡೆದು, ಅದರ ಮೇಲೇ ಮತ್ತೆ ಬೋಲ್ಟ್ ಬಿಗಿದಾನೆ. ಬಣ್ಣದಲ್ಲಿ ಕರೆಂಟ್ ಹಾಯುತ್ತಾ? ಪಕ್ಕದಲ್ಲೇ ಟೀ ಕುಡೀತಾ ನಿಂತು "ಹೊಸ ಗಾಡಿ ಕಂಡಂಗೆ ಕಾಣ್ತೈತೆ" ಅಂತ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ. ಹದಿನಾಲ್ಕು ವರ್ಷದ ಡ್ರೈವಿಂಗು. ಕ್ಲೀನರ್ ಹುಡುಗ್ರಿಗೆ ಬುದ್ಧಿ ಹೇಳೋ ಮನುಷ್ಯ. ಥೂ.

ಆದ್ರೂ ಅದು ಬೇರೆ, ಮೈಕು ಬೇರೆ. ನನ್ನ ತಪ್ಪಿದ್ರೆ ನನ್ನ ಕಿವೀಲಿ ಹೇಳ್ಬೇಕಪ್ಪ.

ಗಾಡಿ ಮಾರಿಬಿಡೋಣ ಅಂತ ಯೋಚ್ನೆ ಮಾಡಿದೆ. ಹೆಬ್ಬಾಳು ಟೋಲ್ ದಾಟೋವರೆಗೆ ಮಾರೇ ಬಿಟ್ಟಿದ್ದೆ. ಆಮೇಲೆ ಕಂತು ನೆನಪಾಯ್ತು.

ಈಗ ಭರಮಸಾಗರದ ಹತ್ರ ಢಾಬಾದಲ್ಲಿ ನಿಲ್ಸಿದೀನಿ. ಬಣ್ಣ ಕೆರೆದು, ಮರಳು ಕಾಗದ ಹಾಕಿ ಉಜ್ಜಿ, ಬೋಲ್ಟ್ ಬಿಗಿದು, ಗ್ರೀಸ್ ಬಳಿದಾಯ್ತು. ಎಲ್ಲ ಸರಿ ಆಗೈತೆ ಅಂತ ಗೊತ್ತು. ಮನೆಯವಳು ಫೋನ್ ಮಾಡಿ "ರಿಪೇರಿ ಆಯ್ತಲ್ಲ, ಆಫ್ ಮಾಡಿ ಒಂದು ಗಂಟೆ ಮಲಗ್ರಿ" ಅಂದ್ಳು. ಹೂಂ ಅಂದೆ.

ಎಂಜಿನ್ ಇನ್ನೂ ಓಡ್ತಾನೇ ಐತೆ.